ಎಡೆಕುಂಟೆ

ಎಡೆಕುಂಟೆ: ಸಾಲು ಬೆಳೆಗಳ ನಡುವಿನ ಕಸವನ್ನು ಬುಡದಲ್ಲೇ ಕೊಯ್ದು ಮೇಲ್ಮಣ್ಣನ್ನು ಸಡಿಲಿಸುವ ಬೇಸಾಯದ ಉಪಕರಣ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಆಡುಮಾತಿನಲ್ಲಿ ಇದು ಎಡಿಕುಂಟಿ. ಅದನ್ನು ನಡೆಸುವ ಕೆಲಸ ‘ಎಡಿ ಹೊಡಿಯೋದು’. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಮುಂಗಾರಿನ ಉದ್ದಕ್ಕೂ ಬಳಕೆಯಲ್ಲಿರುತ್ತದೆ.

ಅಡ್ಡ ಮರದ ದಿಂಡು, ಅದರಿಂದ ಇಳಿದ ತಾಳುಗಳು, ತಾಳಿಗೆ ಕೂರಿಸಿದ ಕಬ್ಬಿಣದ ಅಲಗಾದ ಕುಡ, ನೊಗಕ್ಕೆ ಕಟ್ಟುವ ಈಸು, ಹಿಂದೆ ಹಿಡಿಯುವ ಮೇಳಿ ಇದರ ಭಾಗಗಳು. ಮರಕ್ಕೆ ಜಾಲಿಯನ್ನು ಹೆಚ್ಚು ನೆಚ್ಚುತ್ತಾರೆ. ಉದ್ದ ನೊಗಕ್ಕೆ ಎರಡು ಕುಂಟೆ ಕಟ್ಟಿ, ಒಂದೊಂದರ ಹಿಂದೆ ಒಬ್ಬೊಬ್ಬರು ನಡೆಯುವುದೂ ಉಂಟು. ಎತ್ತು ಪೈರಿಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುತ್ತಾರೆ.

ಹೊಂದಿಕೆಯಲ್ಲಿ ಮೊದಲು ನೋಡಬೇಕಾದದ್ದು ಕುಡದ ಉದ್ದ. ಗೋವಿನಜೋಳದ ಸಾಲುಗಳ ನಡುವೆ 60 ಸೆಂ.ಮೀ. ಅಂತರವಿದ್ದರೆ ಕುಡ ಅದಕ್ಕಿಂತ ಸಾಕಷ್ಟು ಗಿಡ್ಡವಿರಬೇಕು. ಬೆಳೆ ಎದ್ದು ಬೇರು ಹರಡಿದ ಮೇಲೆ ಇನ್ನೂ ಗಿಡ್ಡದ್ದು ಬೇಕು. ಎರಡನೆಯದು ಆಳ. ಈಸನ್ನು ನೊಗಕ್ಕೆ ಕಟ್ಟುವ ಜಾಗ ಕುಂಟೆಯ ಹತ್ತಿರಕ್ಕೆ ಸರಿದರೆ ಈಸು ನೆಟ್ಟಗಾಗಿ ಅಲಗಿನ ಅಂಚು ಮೇಲೇಳುತ್ತದೆ. ದೂರ ಸರಿದರೆ ಅಂಚು ಮಣ್ಣಿಗೆ ಬಾಗುತ್ತದೆ. ಎರಡು ಮೂರು ಬೆರಳಿನಷ್ಟು ಇಳಿದರೆ ಸಾಕು. ಕಸ ಸಾಯುವುದಷ್ಟೇ ಅಲ್ಲ, ಎರೆಮಣ್ಣಿನ ಬಿರುಕು ಮುಚ್ಚಿ ಒಳಗಿನ ಹಸಿ ಉಳಿಯುವುದೂ ಹೀಗೆ ಸಡಿಲಾದ ಮೇಲ್ಮಣ್ಣಿನ ತೆಳು ಪದರದಿಂದ. ಮೊಂಡಾದ ಕುಡವನ್ನು ಮೇಳಿ ಒತ್ತಿ ನಡೆಸುವುದು ಇಲ್ಲಿ ದೊಡ್ಡ ತಪ್ಪು: ಎತ್ತು ಸೋಲುತ್ತದೆ, ಪೈರಿನ ಬೇರು ಹರಿಯುತ್ತದೆ, ಕಸ ಮಾತ್ರ ಬಾಗಿ ಮತ್ತೆ ಏಳುತ್ತದೆ.

ಆದ್ದರಿಂದ ಹಂಗಾಮಿಗೆ ಮುಂಚೆ ಕಮ್ಮಾರನ ಕುಲುಮೆಯಲ್ಲಿ ಕುಡ ಕಾಯಿಸಿ ಬಡಿಸಿ ಅಂಚು ತೆಗೆಸಬೇಕು. ಅಲುಗುವ ತಾಳಿಗೆ ಬಡಿಗ ಬೆಣೆ ಹೊಡೆಯುತ್ತಾನೆ. ಎರೆಹೊಲದಲ್ಲಿ ಮಳೆ ನಿಂತ ಕೂಡಲೇ ಇಳಿಯಬಾರದು. ಮಣ್ಣು ಕುಡಕ್ಕೆ ಮೆತ್ತಿ, ಕೊಯ್ದ ಕಸ ತಾಳಿನಲ್ಲಿ ಸಿಕ್ಕಿ, ಕುಂಟೆ ಕಸವನ್ನು ಕೊಯ್ಯದೆ ಎಳೆದುಕೊಂಡೇ ಹೋಗುತ್ತದೆ. ಹದ ಬಂದ ಮೇಲೂ ಸಾಲಿನ ಕೊನೆಗೆ ಕುಂಟೆ ಎತ್ತಿ ಕಸ ಬಿಡಿಸಬೇಕು. ಕೆಲಸ ಮುಗಿದಾಗ ಮಣ್ಣು ಕೆರೆದು, ಕುಡಕ್ಕೆ ಎಣ್ಣೆ ಸವರಿ, ನೆಲದ ತೇವ ತಾಗದಂತೆ ಮೇಲೆತ್ತಿಡುತ್ತಾರೆ.

ಎತ್ತಿಲ್ಲದ ಮನೆಗಳಲ್ಲಿ ಹಳೆಯ ಸೈಕಲ್ ಗಾಲಿಯಿಂದ ಮಾಡಿದ, ಕೈಯಿಂದ ತಳ್ಳುವ ಸೈಕಲ್ ಎಡೆಕುಂಟೆ ಬಂದಿದೆ. ಹಿಡಿಕೆಯನ್ನು ತಳ್ಳುವವರ ಸೊಂಟದ ಮಟ್ಟಕ್ಕೆ ಕೂರಿಸಬೇಕು. ಅದುರಿ ಸಡಿಲವಾಗುವ ನಟ್ಟುಗಳನ್ನು ದಿನವೂ ಬಿಗಿ ಮಾಡಬೇಕು. ಇದೇ ಕೆಲಸಕ್ಕೆ ಬಳಸುವ ಎಂಜಿನ್ ಯಂತ್ರವಾದ ಪವರ್ ವೀಡರ್‌ನಲ್ಲಿ ಎಂಜಿನ್ ಎಣ್ಣೆ, ಗಾಳಿ ಸೋಸುವ ಫಿಲ್ಟರ್ ನೋಡಿಕೊಳ್ಳಬೇಕು. ಅಲಗುಗಳಿಗೆ ಸುತ್ತಿದ ಹುಲ್ಲನ್ನು ಎಂಜಿನ್ ನಿಲ್ಲಿಸಿಯೇ ಬಿಡಿಸಬೇಕು.

ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಎಡೆಕುಂಟೆಗೆ ಸಿಕ್ಕರೆ ಬೀಜ ಉದುರುವುದಿಲ್ಲ. ಕರಿಕೆ, ಜೇಕು ಹಾಗಲ್ಲ: ಮೇಲೆ ಕೊಯ್ದರೂ ಮಣ್ಣಿನೊಳಗಿನ ಬೇರು, ಗಡ್ಡೆಯಿಂದ ಮತ್ತೆ ಚಿಗುರುತ್ತವೆ. ಅವನ್ನೂ ಪೈರಿನ ಬುಡದ ಕಸವನ್ನೂ ಕುಂಟೆಯ ಹಿಂದೆ ಹೆಣ್ಣುಮಕ್ಕಳು ಕೈಯಿಂದ ಕಿತ್ತು ತೆಗೆಯುತ್ತಾರೆ. ಕರಿಕೆಯ ಹೊರೆ ಸಂಜೆ ದನಗಳ ಮುಂದೆ ಬೀಳುತ್ತದೆ.