ಉಳುಕಿದ ಕಾಲು ಮತ್ತು 1743ರ ಒಂದು ಮಾತು

ಅರಕಲಗೂಡಿನ ಆಲೂಗಡ್ಡೆ ಹೊಲದ ಬದುವಿನ ಮೇಲೆ, ಹೊಳೆನರಸೀಪುರದ ಕಬಡ್ಡಿ ಅಂಕಣದಲ್ಲಿ, ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಕಾಲು ಹೊರಳುವುದು ನಮಗೆ ಹೊಸದಲ್ಲ. ಐಸ್ ಇಟ್ಟು, ಪಟ್ಟಿ ಕಟ್ಟಿದರೆ ಕೆಲವು ದಿನಕ್ಕೆ ಊತ ಇಳಿಯುತ್ತದೆ. ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ಕೆಲವರಿಗೆ ಮುಗಿಯುವುದಿಲ್ಲ.

ನಮ್ಮ ಗೆಳೆಯರೊಬ್ಬರಿಗೆ ಹಾಗಾಯಿತು. ಎರಡು ವರ್ಷ ಹಿಮ್ಮಡಿಯ ಮೇಲಿನ ಕೀಲು ನೋಯುತ್ತಲೇ ಇತ್ತು. ಎಕ್ಸ್‌ರೇ ನೋಡಿದವರೆಲ್ಲ "ಮೂಳೆ ಚೆನ್ನಾಗಿದೆ" ಎಂದರು. ಮನೆಯವರು "ಸೋಮಾರಿತನ" ಎಂದರು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಕೀಲಿನೊಳಗಿನ ಮೃದ್ವಸ್ಥಿ ಕಿತ್ತುಹೋಗಿದ್ದು ಕಂಡಿತು. ಇದಕ್ಕೆ ಆಪರೇಷನ್ ಇದೆಯೇ ಎಂದು ಅವರು ಕೇಳಿದರು. ಉತ್ತರ ಹುಡುಕುತ್ತಾ ಹೋದ ನಾವು ಸುಮಾರು 280 ವರ್ಷ ಹಿಂದಕ್ಕೆ ಹೋದೆವು.

ಮೃದ್ವಸ್ಥಿ ಎಂದರೆ ಎರಡು ಮೂಳೆ ಉಜ್ಜದಂತೆ ತಡೆಯುವ ನುಣುಪಾದ ಪದರ. ಪಾದದ ಕೀಲಿನಲ್ಲಿ ಅದರ ದಪ್ಪ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಚರ್ಮದ ಗಾಯ ಮಾಯುವುದು ರಕ್ತದಿಂದ. ರಕ್ತವೇ ಬಾರದ ಕಡೆ ಗಾಯ ಮಾಯುವುದು ಹೇಗೆ? ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಇದನ್ನು ಬರೆದ: ಹಾಳಾದ ಮೃದ್ವಸ್ಥಿ ಮರಳಿ ಬರುವುದಿಲ್ಲ. ಅಲ್ಲಿಂದ ಇಲ್ಲಿಯವರೆಗಿನ ಶಸ್ತ್ರಚಿಕಿತ್ಸೆಗಳೆಲ್ಲ ಆ ಮಾತಿಗೆ ಉತ್ತರ ಹುಡುಕಿದ ಪ್ರಯತ್ನಗಳೇ.

ಬಹಳ ಕಾಲ ಕಾರಣವೇ ಸ್ಪಷ್ಟವಿರಲಿಲ್ಲ. 1959ರಲ್ಲಿ ಬರ್ಂಟ್ ಮತ್ತು ಹಾರ್ಟಿ ಎಂಬ ವೈದ್ಯರು, ಪಾದ ಹೊರಳಿದ ಪೆಟ್ಟಿನಿಂದಲೇ ಹಿಮ್ಮಡಿಯ ಮೇಲಿನ ಟಾಲಸ್ ಮೂಳೆಯ ಅಂಚು ಮೃದ್ವಸ್ಥಿ ಸಮೇತ ಸೀಳಬಹುದು ಎಂದು ತೋರಿಸಿ, ಪೆಟ್ಟನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು.

ಒಳಗೆ ನೋಡುವುದೂ ಸುಲಭವಿರಲಿಲ್ಲ. ಪಾದದ ಕೀಲು ಬಹಳ ಇಕ್ಕಟ್ಟು, ಅದರೊಳಗೆ ದುರ್ಬೀನು ಹೋಗದು ಎಂದು 1931ರಲ್ಲಿ ಅಮೆರಿಕದ ಬರ್ಮನ್ ಬರೆದಿದ್ದರು. 1972ರಲ್ಲಿ ಜಪಾನಿನ ವಟನಾಬೆ, ಪೆನ್ನಿನ ರೀಫಿಲ್ಲಿಗಿಂತ ಸಣ್ಣ ದುರ್ಬೀನು ತೂರಿಸಿ ನೋಡಿದ ವರದಿ ಕೊಟ್ಟರು. ಸಣ್ಣ ತೂತಿನ ಆಪರೇಷನ್ನಿಗೆ ದಾರಿ ತೆರೆಯಿತು.

ಈಗ ಮುಖ್ಯವಾಗಿ ಮೂರು ದಾರಿಗಳಿವೆ. ಮೂರೂ ಮೊದಲು ಮಂಡಿಯಲ್ಲಿ ಬೆಳೆದು ಪಾದಕ್ಕೆ ಇಳಿದವು.

ಮೊದಲನೆಯದು, ಕಿತ್ತ ಚೂರು ತೆಗೆದು ಕೆಳಗಿನ ಮೂಳೆಗೆ ಸಣ್ಣ ತೂತು ಹಾಕುವುದು. ಇಂಗ್ಲೆಂಡಿನ ಪ್ರೀಡಿ 1959ರಲ್ಲಿ ಡ್ರಿಲ್‌ನಿಂದ ಹೀಗೆ ಮಾಡಿದ್ದರು. 1980ರ ದಶಕದಲ್ಲಿ ಅಮೆರಿಕದ ಸ್ಟೆಡ್‌ಮನ್ ದಬ್ಬಳದಂಥ ಉಪಕರಣ ತಂದರು. ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟಿ, ಗಾಯದ ಕಲೆಯಂಥ ಪದರವಾಗುತ್ತದೆ. ಅದು ಮೊದಲಿನಷ್ಟು ಗಟ್ಟಿಯಲ್ಲ, ಆದರೆ ಸಣ್ಣ ಗಾಯಕ್ಕೆ ಸಾಮಾನ್ಯವಾಗಿ ಇದನ್ನೇ ಮೊದಲು ಮಾಡುತ್ತಾರೆ.

ಎರಡನೆಯದು, ಮಂಡಿಯ ಭಾರ ಬೀಳದ ಅಂಚಿನಿಂದ ಮೂಳೆ-ಮೃದ್ವಸ್ಥಿಯ ಸಣ್ಣ ಬಿರಡೆಗಳನ್ನು ತೆಗೆದು ನಾಟಿ ಹಾಕುವುದು. ಹಂಗೇರಿಯ ಹಂಗೋಡಿ 1992ರಲ್ಲಿ ಆರಂಭಿಸಿದ್ದು. ದೊಡ್ಡ ಗಾಯಕ್ಕೆ ಸರಿ, ಆದರೆ ಚೆನ್ನಾಗಿದ್ದ ಮಂಡಿಗೂ ನೋವು ಬರಬಹುದು.

ಮೂರನೆಯದು, ರೋಗಿಯದೇ ಕೋಶ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ವಾರಗಳ ನಂತರ ಮರಳಿ ಕೂರಿಸುವುದು. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಯಿತು, 1994ರಲ್ಲಿ ಜಗತ್ತಿಗೆ ತಿಳಿಯಿತು. ಎರಡು ಸಲ ಆಪರೇಷನ್ ಬೇಕು, ಖರ್ಚೂ ಜಾಸ್ತಿ.

ಇವು ಯಾವುವೂ ಹಂಟರನ ಮಾತನ್ನು ಪೂರ್ತಿ ಸುಳ್ಳು ಮಾಡಿಲ್ಲ. ಆದರೆ ನೋವಿಲ್ಲದೆ ನಡೆಯುವಂತೆ ಅನೇಕರಿಗೆ ಮಾಡಿವೆ. ತಡಮಾಡಿ ಕೀಲೇ ಸವೆದರೆ ಉಳಿಯುವುದು ಕೀಲು ಬೆಸೆಯುವುದು ಅಥವಾ ಕೃತಕ ಕೀಲು.

ಆದ್ದರಿಂದ ನಮ್ಮ ಮನವಿ ಇಷ್ಟೇ. ಉಳುಕಿದ ಮೇಲೆ ಎರಡು ತಿಂಗಳಾದರೂ ಆಳದಲ್ಲಿ ನೋವು, ಊತ, ಕೀಲು ಸಿಕ್ಕಿಕೊಂಡಂತಾಗುವುದು ಇದ್ದರೆ ಎಕ್ಸ್‌ರೇ ಒಂದನ್ನೇ ನಂಬಿ ಕೂರಬೇಡಿ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿನ ಮೂಳೆ ವಿಭಾಗದಲ್ಲಿ ತೋರಿಸಿ, ಎಂಆರ್‌ಐ ಬೇಕೇ ಎಂದು ಕೇಳಿ. ಆಪರೇಷನ್ ಎಂದರೆ, ಆಯುಷ್ಮಾನ್ ಅಥವಾ ಯಶಸ್ವಿನಿ ಕಾರ್ಡಿನಲ್ಲಿ ಅದು ಬರುತ್ತದೆಯೇ, ಎಷ್ಟು ವಾರ ಕಾಲೂರಬಾರದು ಎಂದು ಮೊದಲೇ ಕೇಳಿ. ಬಿತ್ತನೆ ಹೊತ್ತಿಗೆ ಊರುಗೋಲಿನಲ್ಲಿರುವುದು ಯಾರಿಗೂ ಬೇಡ.

ನಮ್ಮ ಗೆಳೆಯರು ಮೊದಲನೆಯ ದಾರಿ ಹಿಡಿದರು. ಈಗ ಹೊಲಕ್ಕೆ ಹೋಗುತ್ತಾರೆ, ಕಬಡ್ಡಿ ಬಿಟ್ಟಿದ್ದಾರೆ. ಅವರನ್ನು ಸೋಮಾರಿ ಎಂದು ಈಗ ಯಾರೂ ಅನ್ನುವುದಿಲ್ಲ.