ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಮಧುಮೇಹದ ನಿರ್ವಹಣೆ: ಸಾರ್ವಜನಿಕರಿಗೆ ಮಾಹಿತಿ

ಸ್ಥೂಲಕಾಯದೊಂದಿಗೆ ಎರಡನೇ ವಿಧದ ಮಧುಮೇಹವೂ ಇರುವವರು ತೂಕ ಇಳಿಸುವ (ಬೇರಿಯಾಟ್ರಿಕ್) ಶಸ್ತ್ರಚಿಕಿತ್ಸೆಗೆ ಒಳಗಾದಲ್ಲಿ, ಹಲವರಲ್ಲಿ ರಕ್ತದ ಸಕ್ಕರೆ ಅಂಶವು ಕೆಲವೇ ದಿನಗಳಲ್ಲಿ, ತೂಕ ಗಣನೀಯವಾಗಿ ಇಳಿಯುವ ಮೊದಲೇ, ಕಡಿಮೆಯಾಗುತ್ತದೆ. ಆಹಾರದ ಪ್ರಮಾಣ ತಗ್ಗುವುದು ಹಾಗೂ ಕರುಳಿನ ಹಾರ್ಮೋನುಗಳಲ್ಲಿ ಉಂಟಾಗುವ ಬದಲಾವಣೆ ಇದಕ್ಕೆ ಕಾರಣವಾಗಿರುತ್ತದೆ. ಆದಾಗ್ಯೂ ರೋಗವು ಶಾಶ್ವತವಾಗಿ ಗುಣವಾಯಿತೆಂದು ಭಾವಿಸತಕ್ಕದ್ದಲ್ಲ. ಔಷಧಿಗಳನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸುವುದು ಮತ್ತು ತಪಾಸಣೆಯನ್ನು ಕೈಬಿಡುವುದು, ಇವೆರಡೂ ಅಪಾಯಕಾರಿ.

1. ಔಷಧಿಗಳು

* ಇನ್ಸುಲಿನ್ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳಿಂದ ಸಕ್ಕರೆ ಅಂಶವು ದಿಢೀರನೆ ಕುಸಿಯಬಹುದು. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಹೊಸ ಪ್ರಮಾಣವನ್ನು ವೈದ್ಯರಿಂದ ಬರೆಯಿಸಿಕೊಳ್ಳತಕ್ಕದ್ದು.
* ಮೆಟ್‌ಫಾರ್ಮಿನ್ ಮುಂದುವರಿಸಲು ವೈದ್ಯರು ಸೂಚಿಸಬಹುದು. ನಿಧಾನವಾಗಿ ಕರಗುವ ಮಾತ್ರೆಗಳ ಬದಲಿಗೆ ಬೇರೆ ರೂಪದ ಮಾತ್ರೆ ಬೇಕಾಗಬಹುದು.
* ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಮುನ್ನ ನಿಲ್ಲಿಸಲಾಗುತ್ತದೆ. ಆಹಾರ ಸೇವನೆ ಕಡಿಮೆಯಿರುವಾಗ ಇವುಗಳಿಂದ ರಕ್ತದಲ್ಲಿ ಆಮ್ಲಾಂಶ ಹೆಚ್ಚುವ ಸಂಭವವಿರುವುದರಿಂದ, ಸ್ವಂತ ನಿರ್ಧಾರದಿಂದ ಪುನಃ ಆರಂಭಿಸಬಾರದು.
* ಒಂದನೇ ವಿಧದ ಮಧುಮೇಹಿಗಳು ಇನ್ಸುಲಿನ್ ಅನ್ನು ಯಾವ ಕಾರಣಕ್ಕೂ ಪೂರ್ಣವಾಗಿ ನಿಲ್ಲಿಸಕೂಡದು.

2. ಸಕ್ಕರೆ ಅಂಶ ಕುಸಿದಲ್ಲಿ

ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು ಹಾಗೂ ಗೊಂದಲ ಇದರ ಲಕ್ಷಣಗಳು. ಗ್ಲುಕೋಮೀಟರ್‌ನಲ್ಲಿ ಸಕ್ಕರೆ ಅಂಶವು ಪ್ರತಿ ಡೆಸಿಲೀಟರ್‌ಗೆ 70 ಮಿ.ಗ್ರಾಂ.ಗಿಂತ ಕಡಿಮೆಯಿದ್ದಲ್ಲಿ 15 ಗ್ರಾಂ ಗ್ಲುಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ನಂತರ ಪುನಃ ಪರೀಕ್ಷಿಸಿಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು.

ವಿಶೇಷವಾಗಿ ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ, ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ, ಮಧುಮೇಹದ ಔಷಧಿ ಸೇವಿಸದಿದ್ದರೂ ಊಟವಾದ 1ರಿಂದ 3 ಗಂಟೆಗಳಲ್ಲಿ ಸಕ್ಕರೆ ಅಂಶ ಕುಸಿಯಬಹುದು. ಇಂತಹ ಲಕ್ಷಣಗಳು ಮರುಕಳಿಸಿದಲ್ಲಿ ಊಟದ ವೇಳೆ, ತಿಂದ ಪದಾರ್ಥ ಮತ್ತು ಸಕ್ಕರೆ ಅಂಶವನ್ನು ಬರೆದಿಟ್ಟು ವೈದ್ಯರಿಗೆ ತೋರಿಸುವುದು.

3. ಆಹಾರ ಕ್ರಮ

ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿನ್ನಬೇಕು. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ಮುಂತಾದ ಸಸಾರಜನಕಯುಕ್ತ ಆಹಾರವನ್ನು ಮೊದಲು ಸೇವಿಸಿ, ಅನ್ನ, ಮುದ್ದೆಗಳನ್ನು ನಂತರ ಮಿತವಾಗಿ ತೆಗೆದುಕೊಳ್ಳುವುದು. ಊಟದ ಜೊತೆಯಲ್ಲಿ ನೀರು ಕುಡಿಯದೆ ಅರ್ಧ ಗಂಟೆಯ ನಂತರ ಕುಡಿಯುವುದು. ಸಿಹಿತಿಂಡಿ, ಸಕ್ಕರೆ ಅಥವಾ ಬೆಲ್ಲ ಬೆರೆಸಿದ ಪಾನೀಯ ಹಾಗೂ ಮದ್ಯಪಾನವನ್ನು ವರ್ಜಿಸತಕ್ಕದ್ದು.

4. ತಪಾಸಣೆ

* ಔಷಧಿ ನಿಲ್ಲಿಸಿ ಕನಿಷ್ಠ 3 ತಿಂಗಳಾದ ಮೇಲೂ ಎಚ್‌ಬಿಎ1ಸಿ ಶೇ. 6.5ಕ್ಕಿಂತ ಕಡಿಮೆಯಿದ್ದಲ್ಲಿ ಮಧುಮೇಹವು ಉಪಶಮನಗೊಂಡಿದೆ ಎಂದು ಪರಿಗಣಿಸಲಾಗುತ್ತದೆ. ವರ್ಷಗಳ ನಂತರ ರೋಗ ಮರಳಬಹುದಾದ್ದರಿಂದ ಈ ಪರೀಕ್ಷೆಯನ್ನು ಪ್ರತಿ ವರ್ಷ ಕನಿಷ್ಠ ಒಮ್ಮೆ ಮಾಡಿಸುವುದು.
* ರಕ್ತಹೀನತೆಯಿದ್ದಲ್ಲಿ ಎಚ್‌ಬಿಎ1ಸಿ ಫಲಿತಾಂಶ ತಪ್ಪು ಚಿತ್ರಣ ನೀಡಬಹುದಾದ್ದರಿಂದ ಈ ವಿಷಯವನ್ನು ವೈದ್ಯರ ಗಮನಕ್ಕೆ ತರುವುದು.
* ಸಕ್ಕರೆ ಅಂಶ ಸಹಜವಾಗಿದ್ದರೂ ಕಣ್ಣು, ಮೂತ್ರಪಿಂಡ ಮತ್ತು ಪಾದಗಳ ವಾರ್ಷಿಕ ಪರೀಕ್ಷೆ ಕಡ್ಡಾಯವಾಗಿ ಮುಂದುವರಿಯಬೇಕು.
* ಬಿ12, ಕಬ್ಬಿಣ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊರತೆಯ ಪರೀಕ್ಷೆ ಅಗತ್ಯ. ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಕೊರತೆಯ ಸಂಭವ ಇನ್ನೂ ಹೆಚ್ಚು.
* ಗರ್ಭಿಣಿಯರು ಈ ಶಸ್ತ್ರಚಿಕಿತ್ಸೆಯಾಗಿರುವುದನ್ನು ಮುಂಚಿತವಾಗಿ ತಿಳಿಸಬೇಕು. ಇವರಿಗೆ ಗ್ಲುಕೋಸ್ ಕುಡಿಸಿ ಮಾಡುವ ಪರೀಕ್ಷೆಯಿಂದ ತೊಂದರೆಯಾಗಬಹುದು.

5. ಸೌಲಭ್ಯ ಮತ್ತು ತರಬೇಕಾದ ದಾಖಲೆಗಳು

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಮಧುಮೇಹ ತಪಾಸಣೆಯ ಸೌಲಭ್ಯವಿರುತ್ತದೆ. ಭೇಟಿಯ ವೇಳೆ ಈ ಕೆಳಕಂಡವುಗಳನ್ನು ತರುವುದು:

(ಅ) ಶಸ್ತ್ರಚಿಕಿತ್ಸೆಯ ವಿಧ ಹಾಗೂ ದಿನಾಂಕವನ್ನು ನಮೂದಿಸಿದ ಬಿಡುಗಡೆ ಪತ್ರ
(ಆ) ಸೇವಿಸುತ್ತಿರುವ ಎಲ್ಲಾ ಔಷಧಿಗಳ ಚೀಟಿ
(ಇ) ಮನೆಯಲ್ಲಿ ಪರೀಕ್ಷಿಸಿದ ಸಕ್ಕರೆ ಅಂಶದ ವಿವರ

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಔಷಧಿಯ ಪ್ರಮಾಣವನ್ನು ವೈದ್ಯರ ಸಲಹೆಯಿಲ್ಲದೆ ಬದಲಾಯಿಸಬಾರದು.