ಪ್ರವಾಸದ ಸೈಕಲ್ಲಿಗೆ ಮುಂದಿನ ಕ್ಯಾರಿಯರ್: ಕೊಳ್ಳುವ ಮೊದಲು ನೋಡಬೇಕಾದ್ದು

ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮುರಿದರೆ ಸಾಮಾನು ರಸ್ತೆಗೆ ಬೀಳುತ್ತದೆ, ಅಷ್ಟೇ. ಮುಂದಿನದು ಕಳಚಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಚಕ್ರ ಒಮ್ಮೆಲೇ ನಿಂತು ಸವಾರರು ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾರೆ. ಆದ್ದರಿಂದ ಮುಂದಿನ ಕ್ಯಾರಿಯರ್ ಆರಿಸುವಾಗ ಬೆಲೆ, ಅಂದ ಎಲ್ಲ ಆಮೇಲೆ. ಮೊದಲು ನೋಡಬೇಕಾದ್ದು ನಿಮ್ಮ ಸೈಕಲ್ಲಿನ ಫೋರ್ಕ್. ದೂರದ ಸೈಕಲ್ ಪ್ರಯಾಣಕ್ಕೆ ಹೊರಡುವ ಸದಸ್ಯರಿಗಾಗಿ ಈ ಮಾಹಿತಿ.

ಎಲ್ಲರಿಗೂ ಮುಂದಿನ ಕ್ಯಾರಿಯರ್ ಬೇಕಾಗಿಲ್ಲ. ಎರಡು ಮೂರು ದಿನದ ಪ್ರಯಾಣ, ರಾತ್ರಿ ಲಾಡ್ಜಿನಲ್ಲೋ ನೆಂಟರ ಮನೆಯಲ್ಲೋ ತಂಗುವುದಾದರೆ ಹಿಂದಿನ ಎರಡು ಚೀಲ ಧಾರಾಳ ಸಾಕು. ಟೆಂಟು, ಸ್ಟೌವು, ಪಾತ್ರೆ ಎಂದು ಸಾಮಾನು ಬೆಳೆದಾಗ ಮಾತು ಬೇರೆ. ಎಲ್ಲವನ್ನೂ ಹಿಂದೆಯೇ ಹೇರಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅತ್ತಿತ್ತ ಎಳೆಯುತ್ತದೆ. ಹಿಂದೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಏರು ತುಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭಾರದಲ್ಲಿ ಹಿಂದೆ 60 ಪಾಲು, ಮುಂದೆ 40 ಪಾಲು ಇರಲಿ ಎನ್ನುವುದು ಪ್ರವಾಸಿ ಸವಾರರ ರೂಢಿಯ ಲೆಕ್ಕ. ಜತ್ತ, ಅಕ್ಕಲಕೋಟೆ, ರಾಯದುರ್ಗದ ಕಡೆ ಬೇಸಿಗೆಯಲ್ಲಿ ಹೋಗುವವರು ನೀರನ್ನು ಮರೆಯಬಾರದು. ಲೀಟರಿಗೆ ಒಂದು ಕಿಲೋ. ನಾಲ್ಕು ಲೀಟರ್ ಹೊತ್ತರೆ ಅದೇ ಒಂದು ಚೀಲದ ಭಾರ.

ಈಗ ಫೋರ್ಕಿಗೆ ಬರೋಣ. ತುದಿಯಲ್ಲಿ, ಆಕ್ಸಲ್ ಪಕ್ಕದಲ್ಲಿ, ಬೋಲ್ಟ್ ಹಾಕುವ ಮರೆಯಿರುವ ತೂತು ಇದೆಯೇ? ಫೋರ್ಕಿನ ಕಾಲುಗಳ ನಡುಭಾಗದಲ್ಲಿ ಇನ್ನೊಂದು ಜೊತೆ ತೂತು ಇದೆಯೇ? ಎರಡೂ ಇದ್ದರೆ ಅರ್ಧ ಚಿಂತೆ ಮುಗಿಯಿತು. ಕೆಳಗಿನ ತೂತು ಮಾತ್ರ ಇದ್ದರೆ, ಉಕ್ಕಿನ ಫೋರ್ಕಿಗೆ ರಬ್ಬರ್ ಒಳಪದರವಿರುವ ಕ್ಲ್ಯಾಂಪ್ ಬಿಗಿದು ಕೆಲಸ ಸಾಗಿಸಬಹುದು. ಕಾರ್ಬನ್ ಫೋರ್ಕಿಗೆ ಕ್ಲ್ಯಾಂಪ್ ಹಾಕಲೇಬೇಡಿ. ತಯಾರಕರೇ ತೂತು ಕೊಟ್ಟಿದ್ದರೆ, ಅವರು ಹೇಳಿದ ತೂಕದೊಳಗೆ ಮಾತ್ರ ಬಳಸಿ. ಸಸ್ಪೆನ್ಷನ್ ಫೋರ್ಕಿಗೆ ಸಾಮಾನ್ಯ ಕ್ಯಾರಿಯರ್ ಹೊಂದುವುದಿಲ್ಲ. ಅದಕ್ಕೆಂದೇ ಆಕ್ಸಲ್ಲಿಗೆ ಕೂರಿಸುವ ಕ್ಯಾರಿಯರ್‌ಗಳನ್ನು ಅಮೆರಿಕದ ಓಲ್ಡ್ ಮ್ಯಾನ್ ಮೌಂಟನ್‌ನಂಥ ಕಂಪನಿಗಳು ಮಾಡುತ್ತವೆ. ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಎಡಗಾಲಿನ ಬ್ರೇಕ್ ಭಾಗ ಕ್ಯಾರಿಯರಿಗೆ ತಗಲುತ್ತದೆಯೇ ಎಂದೂ ನೋಡಬೇಕು. ತಗಲಿದರೆ ನಡುವೆ ವಾಷರ್ ಬದಲು ಗಟ್ಟಿ ಸ್ಪೇಸರ್, ಉದ್ದನೆಯ ಬೋಲ್ಟ್ ಬೇಕು.

ಮಾದರಿಗಳಲ್ಲಿ ಮುಖ್ಯವಾದವು ಎರಡು. ಚೀಲದ ನಡುಭಾಗ ಹೆಚ್ಚುಕಡಿಮೆ ಆಕ್ಸಲಿನ ಎತ್ತರಕ್ಕೆ ಬರುವಂತೆ ಇಬ್ಬದಿಗೂ ತೂಗುವ ಲೋ-ರೈಡರ್ ಒಂದು. ಚಕ್ರದ ಮೇಲೆ ಹಲಗೆಯಂತೆ ಚಪ್ಪಟೆಯಾಗಿ ಕೂರುವುದು ಇನ್ನೊಂದು. ಘಟ್ಟ ಹತ್ತಿ ಇಳಿಯುವ ನಮ್ಮ ದಾರಿಗಳಿಗೆ ನನ್ನ ಮತ ಲೋ-ರೈಡರಿಗೆ. ಮುಂದಿನ ಭಾರ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಅದು ಮೇಲಿದ್ದಷ್ಟೂ ನಿಧಾನದಲ್ಲಿ ಹ್ಯಾಂಡಲ್ ಒಂದು ಕಡೆ ವಾಲಿಬಿಡುತ್ತದೆ, ಕೆಳಗಿದ್ದರೆ ಸೈಕಲ್ ನೆಟ್ಟಗೆ ನಡೆಯುತ್ತದೆ. ಸತ್ಯಮಂಗಲದಿಂದ ತಾಳವಾಡಿ ಕಡೆ ಬರುವ ದಿಂಬಂ ಘಟ್ಟದ 27 ತಿರುವುಗಳಲ್ಲಿ, ವಯನಾಡಿನ ತಾಮರಶ್ಶೇರಿ ಚುರದ 9 ತಿರುವುಗಳಲ್ಲಿ, ಲಾರಿಗೆ ದಾರಿ ಬಿಡುತ್ತ ನಡಿಗೆಯ ವೇಗದಲ್ಲಿ ತುಳಿಯುವಾಗ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಲೋ-ರೈಡರಿನ ಕೊರತೆಯೆಂದರೆ ಚೀಲ ನೆಲಕ್ಕೆ ಹತ್ತಿರ. ಕಲ್ಲಿನ ಕಾಲುದಾರಿ, ಹಳ್ಳ ದಾಟುವ ದಾರಿ ಹೆಚ್ಚಿದ್ದರೆ ಮೇಲಿನ ಹಲಗೆಯೇ ವಾಸಿ. ಅದರ ಮೇಲೆ ಮಲಗುವ ಚೀಲ, ಟೆಂಟಿನಂಥ ಹಗುರ ಸಾಮಾನು ಮಾತ್ರ ಇಡಿ. ಹೆಡ್‌ಲೈಟ್ ಮರೆಯಾಗದಂತೆ ನೋಡಿಕೊಳ್ಳಿ.

ಜರ್ಮನಿಯ ಟ್ಯೂಬಸ್ ಕಂಪನಿಯ ತಾರಾ ಎಂಬ ಲೋ-ರೈಡರ್ ಸವಾರರಲ್ಲಿ ಬಹಳ ಕಾಲದಿಂದ ಹೆಸರಾದದ್ದು. ಉಕ್ಕಿನ ಸಣ್ಣ ಕೊಳವೆಯದು, ತೂಕ ಸುಮಾರು ಅರ್ಧ ಕಿಲೋ, 15 ಕಿಲೋ ಹೊರುತ್ತದೆ. ಎರಡು ಬದಿಗಳನ್ನು ಟಯರಿನ ಮುಂದಿನಿಂದ ಬಳಸಿ ಬರುವ ಕಮಾನು ಸೇರಿಸುತ್ತದೆ. ಈ ಕಮಾನು ಇರುವುದು ಒಳ್ಳೆಯದು, ಚೀಲಗಳು ಒಳಗೆ ಬಾಗಿ ಕಡ್ಡಿಗೆ ತಗಲುವುದನ್ನು ತಡೆಯುತ್ತದೆ. ದಪ್ಪ ಟಯರ್, ಮಡ್‌ಗಾರ್ಡ್ ಇದ್ದರೆ ಮಾತ್ರ ಅಳತೆ ತೆಗೆದುಕೊಂಡೇ ಕೊಳ್ಳಿ.

ಅಲ್ಯೂಮಿನಿಯಂ ಅಗ್ಗ, ತುಕ್ಕು ಹಿಡಿಯದು, ಕಾಸರಗೋಡು-ಗೋವಾದ ಉಪ್ಪುಗಾಳಿಗೆ ಹೊಂದುತ್ತದೆ. ಆದರೆ ದಾರಿಯಲ್ಲಿ ಬಿರಿದರೆ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಕೂಡಿಸುವವರು ಸಿಗುವುದು ಕಷ್ಟ. ಉಕ್ಕು ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತದೆ. ಗ್ಯಾಸ್ ವೆಲ್ಡಿಂಗಿನವರು ಪಿತ್ತಾಳೆಯಿಂದ ಬೆಸೆದು ಕೊಡುತ್ತಾರೆ. ತೆಳು ಕೊಳವೆಗೆ ಆರ್ಕ್ ವೆಲ್ಡಿಂಗ್ ಹಾಕಿಸಿದರೆ ತೂತು ಬಿದ್ದೀತು.

ಊರಿನ ಫ್ಯಾಬ್ರಿಕೇಶನ್ ಅಂಗಡಿಯಲ್ಲೇ ಮಾಡಿಸಿದರಾಗದೇ ಎನ್ನುವವರಿಗೆ: ಆಗುತ್ತದೆ, ತೂಕದ ಲೆಕ್ಕ ಹಾಕಿ. 8 ಮಿ.ಮೀ. ಕಬ್ಬಿಣದ ಸರಳು ಮೀಟರಿಗೆ ಸುಮಾರು 395 ಗ್ರಾಂ, 10 ಮಿ.ಮೀ. ಆದರೆ ಸುಮಾರು 617 ಗ್ರಾಂ. ಮೂರು ಮೀಟರ್ ಹಿಡಿದರೆ 8 ಮಿ.ಮೀ. ಸರಳಿನದು ಹೆಚ್ಚುಕಡಿಮೆ 1.2 ಕಿಲೋ, 10 ಮಿ.ಮೀ.ಯದು 1.85 ಕಿಲೋ. 8 ಮಿ.ಮೀ. ಸಾಕು. ಚೀಲದ ಕೊಕ್ಕೆ ಆ ಸರಳಿಗೆ ಬಿಗಿಯಾಗಿ ಹಿಡಿಯುತ್ತದೆಯೇ ಎಂದು ಚೀಲವನ್ನು ಅಂಗಡಿಗೇ ಒಯ್ದು ನೋಡಿ. ಸಡಿಲ ಕೊಕ್ಕೆ ಗುಂಡಿ ರಸ್ತೆಯಲ್ಲಿ ಹಾರಿ ಬಿಡುತ್ತದೆ.

ಕೂರಿಸುವಾಗ ಸಾಮಾನ್ಯವಾಗಿ ಬೇಕಾಗುವುದು 5 ಮಿ.ಮೀ. ಬೋಲ್ಟ್, 4 ಮಿ.ಮೀ. ಅಲನ್ ಕೀ. ಮರೆಗೆ ಗ್ರೀಸ್ ಹಚ್ಚಿ, ಬೋಲ್ಟ್ ಒಳಗೆ ಹೊರಬಂದು ಉಳಿದ ಕಡೆ ನೈಲಾಕ್ ನಟ್ ಹಾಕಿ. ಆದರೆ ಆ ತುದಿ ಕಡ್ಡಿಗೆ ತಗಲಬಾರದು. ಎರಡೂ ಚೀಲದ ತೂಕ ಸಮ ಇರಲಿ, ತಕ್ಕಡಿಯಲ್ಲಿ ತೂಗಿ ನೋಡಿದರೂ ನಾಚಿಕೆಯಿಲ್ಲ. ತೂಗಾಡುವ ಪಟ್ಟಿ, ಹಗ್ಗದ ತುದಿ ಒಂದೂ ಇರಬಾರದು. ಕಡ್ಡಿಗೆ ಸುತ್ತಿಕೊಳ್ಳುವುದು ಅದೇ.

ಪ್ರಯಾಣಕ್ಕೆ ಮೊದಲು ಪೂರ್ತಿ ಭಾರ ಹೇರಿ ಊರ ಬಳಿಯ ಇಳಿಜಾರಿನಲ್ಲಿ ಓಡಿಸಿ. ಹ್ಯಾಂಡಲ್ ನಡುಗಿದರೆ ಮೇಲಿನ ಪೈಪನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಬ್ರೇಕ್ ಮೆಲ್ಲಗೆ ಹಾಕಿ ನಿಲ್ಲಿಸಿ. ಆಮೇಲೆ ಭಾರ ಹಂಚಿಕೆ ಬದಲಿಸಿ ನೋಡಿ. ಮೊದಲ 50 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿ, ಆಮೇಲೆ ದಿನವೂ ಹೊರಡುವ ಮುಂಚೆ ಕೈಯಿಂದ ಅಲ್ಲಾಡಿಸಿ ನೋಡಿ. ಜೊತೆಗೆ ಎರಡು ಬಿಡಿ ಬೋಲ್ಟ್, ಒಂದು ಕ್ಲ್ಯಾಂಪ್, ಸ್ವಲ್ಪ ಕಟ್ಟುತಂತಿ ಇರಲಿ.